ಟೈಲರ್ ಕಲಿಸಿದ ಬ್ಯಾಸ್ಕೆಟ್‌ಬಾಲ್

ಟೈಲರನ ಕತ್ತು ಮೊದಲಿನಿಂದಲೂ ಸಡಿಲ. ಯಾರು ಏನು ಕೇಳಿದರೂ ಅದು ಮೇಲಿಂದ ಕೆಳಗೆ ಆಡಿಬಿಡುತ್ತದೆ. "ಶುಕ್ರವಾರಕ್ಕೆ ಕೊಡ್ತೀರಾ?" ಎಂದರೆ ಆಡುತ್ತದೆ. "ಗುರುವಾರಕ್ಕೇ ಆಗುತ್ತಾ?" ಎಂದರೆ ಇನ್ನೂ ಸ್ವಲ್ಪ ಜೋರಾಗಿ ಆಡುತ್ತದೆ. ಆಮೇಲೆ ಗುರುವಾರದವರೂ ಶುಕ್ರವಾರದವರೂ ಒಟ್ಟಿಗೆ ಅಂಗಡಿ ಮುಂದೆ ಬಂದು ನಿಂತರೆ, ಅವನು ಹಿಂದಿನ ಬಾಗಿಲಿಂದ ಟೀ ಕುಡಿಯಲು ಹೋಗಿರುತ್ತಾನೆ. ಇಪ್ಪತ್ತೆರಡು ವರ್ಷದಿಂದ ಹೀಗೇ ನಡೆದುಕೊಂಡು ಬಂದಿದೆ. "ನಿಮ್ಮ ಕತ್ತಿಗೆ ಒಂದು ಹುಕ್ಕು ಹಾಕಿ ಹೊಲಿದುಬಿಡ್ತೀನಿ ನೋಡಿ" ಎಂದು ಹೆಂಡತಿ ತಿಂಗಳಿಗೊಮ್ಮೆ ಬೆದರಿಸುತ್ತಾಳೆ. ಅದಕ್ಕೂ ಅವನು ತಲೆಯಾಡಿಸುತ್ತಾನೆ.

ಇಂಥ ಕತ್ತಿನವನು ಹುಡುಗಿಯರ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಕೋಚ್ ಆದದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಆದದ್ದು ಹೀಗೆ.

ಅವನ ಮಗಳು ಓದುವ ಶಾಲೆಯಲ್ಲಿ ಹನ್ನೊಂದು ಹನ್ನೆರಡು ವರ್ಷದ ಎಂಟು ಹುಡುಗಿಯರ ಒಂದು ತಂಡವಿತ್ತು. ಆ ವರ್ಷದ ಐದು ಪಂದ್ಯಗಳಲ್ಲಿ ಮೂರು ಮುಗಿದಿದ್ದವು. ಮೊದಲನೆಯದರಲ್ಲಿ ಎದುರಾಳಿಗಳು ಅರವತ್ತೆರಡು ಅಂಕ ಹೊಡೆದರು, ಎರಡನೆಯದರಲ್ಲಿ ಎಪ್ಪತ್ತೊಂದು, ಮೂರನೆಯದರಲ್ಲಿ ಅರವತ್ತಾರು. ನಮ್ಮ ಹುಡುಗಿಯರು ಮೂರರಲ್ಲೂ ಸೇರಿಸಿ ಹನ್ನೊಂದು. ಎದುರಿನವರು ಚೆಂಡು ಹಿಡಿದು ಬಂದರೆ ಇವರು ಬಸ್ಸಿಗೆ ದಾರಿ ಬಿಡುವ ಹಾಗೆ ಪಕ್ಕಕ್ಕೆ ಸರಿದು, ಚೆಂಡು ಬುಟ್ಟಿಗೆ ಬೀಳುವುದನ್ನು ತಲೆ ಎತ್ತಿ ನೋಡುತ್ತಿದ್ದರು. ಇದರ ಮೇಲೆ, ಅವರಿಗೆ ಆಟ ಹೇಳಿಕೊಡುತ್ತಿದ್ದ ಪಿ.ಟಿ. ಮೇಷ್ಟ್ರು ಸೂರಿನ ಮೇಲೆ ಸಿಕ್ಕಿಕೊಂಡ ಚೆಂಡು ಇಳಿಸಲು ಹೋಗಿ, ಚೆಂಡಿಗಿಂತ ಮೊದಲು ತಾವೇ ಇಳಿದು, ಕಾಲಿಗೆ ಬ್ಯಾಂಡೇಜ್ ಸುತ್ತಿಸಿಕೊಂಡು ಮನೆಯಲ್ಲಿ ಮಲಗಿದ್ದರು.

ಶಾಲೆಯ ಅಧ್ಯಕ್ಷರಿಗೆ ಕಾರು ಎಂದರೆ ಪ್ರಾಣ. ಆ ಆಟದ ಅಂಕಣವನ್ನು ಅವರು ಕಂಡಾಗಲೆಲ್ಲ ಬೆರಳು ಮಡಿಸಿ ಎಣಿಸುತ್ತಿದ್ದರು. "ಹದಿನೆಂಟು ಕಾರು ನಿಲ್ಲುತ್ತೆ ಮೇಡಂ. ಹತ್ತಿರ ಹತ್ತಿರ ನಿಲ್ಲಿಸಿದ್ರೆ ಇಪ್ಪತ್ತು." ಹೆಡ್ ಮೇಡಂ ಎಷ್ಟೋ ಹೇಳಿ ನೋಡಿದರು. ಕೊನೆಗೆ ಅಧ್ಯಕ್ಷರು ಒಂದು ಮಾತಿಗೆ ಒಪ್ಪಿದರು: ಉಳಿದ ಎರಡು ಪಂದ್ಯಗಳಲ್ಲಿ ಒಂದರಲ್ಲಾದರೂ ಎದುರಾಳಿಗಳನ್ನು ನಲವತ್ತರ ಒಳಗೆ ತಡೆದರೆ ಅಂಕಣ ಹುಡುಗಿಯರದು. ಇಲ್ಲವಾದರೆ ಕಾರುಗಳದು.

ಹೊಸ ಜೆರ್ಸಿ ಹಾಕಿಕೊಂಡರಾದರೂ ಹುಡುಗಿಯರಿಗೆ ಧೈರ್ಯ ಬಂದೀತೆಂದು ಹೆಡ್ ಮೇಡಂ ಟೈಲರನಿಗೆ ಹೇಳಿ ಕಳಿಸಿದರು. ಅವನೂ ಹೆಂಡತಿಯೂ ಅಳತೆ ತೆಗೆಯಲು ಶಾಲೆಗೆ ಹೋದರು. ಟೇಪು ಹಿಡಿಯುವುದು ಹೆಂಡತಿ, ಬರೆದುಕೊಳ್ಳುವುದು ಅವನು. ನಡುವೆ ಅವಳು ನೀರು ಕುಡಿಯಲು ಟೇಪನ್ನು ಗಂಡನ ಕೊರಳಿಗೆ ಹಾಕಿ ನಲ್ಲಿಯ ಕಡೆ ಹೋದಳು. ಎಂಟು ಹುಡುಗಿಯರು ಸಾಲಾಗಿ ಕೈ ಚಾಚಿ ನಿಂತಿದ್ದರು. ಟೈಲರ್ ಎದುರಿಗೆ ನಿಂತು ಹೇಳುತ್ತಿದ್ದ: "ಕೈ ಇಳಿಸ್ಬೇಡಿ ಮರೀ. ಹಾಗೇ ಅಗಲವಾಗಿರಲಿ. ಅಲುಗಾಡ್ಬೇಡಿ. ಇನ್ನೂ ಸ್ವಲ್ಪ ಮೇಲೆ, ಹಾಂ, ಹಾಗೆ."

ಅಷ್ಟರಲ್ಲಿ ಹೆಡ್ ಮೇಡಂ ಇದನ್ನು ಕಿಟಕಿಯಿಂದ ಕಂಡು, ಮೆಟ್ಟಿಲು ಇಳಿದು ಓಡೋಡಿ ಬಂದರು.

"ಮೂರು ವರ್ಷದಿಂದ ಬಡ್ಕೋತಿದ್ದೀನಿ, ಕೈ ಎತ್ತಿ ನಿಂತು ತಡೀರೇ ಅಂತ! ಒಬ್ಬಳೂ ಎತ್ತಿರಲಿಲ್ಲ. ನೀವು ಬಂದ ಐದು ನಿಮಿಷಕ್ಕೆ ಎಂಟೂ ಜನ ಎತ್ತಿದ್ದಾರಲ್ರೀ! ನೀವು ಈ ಆಟ ಆಡ್ತಿದ್ರಾ?"

ಟೈಲರ್ ಈ ಆಟವನ್ನು ಒಮ್ಮೆ ನೋಡಿದ್ದ, ಅದೂ ಬೇಲಿಯ ಹೊರಗಿಂದ. ಆದರೆ ಅವನ ಮಗಳು ಸಾಲಿನ ಕೊನೆಯಲ್ಲಿ ನಿಂತು ಕಣ್ಣು ಅಗಲ ಮಾಡಿಕೊಂಡು ಅವನನ್ನೇ ನೋಡುತ್ತಿದ್ದಳು. ಕತ್ತು ತನ್ನ ಕೆಲಸ ಮಾಡಿತು.

"ಡಿಫೆನ್ಸ್ ಕಲಿಸಿಕೊಡ್ತೀರಾ? ಮೂರು ವಾರ ಅಷ್ಟೆ."

ಕತ್ತು ಮತ್ತೊಮ್ಮೆ ಆಡಿತು.

ನೀರು ಕುಡಿದು ಬಾಯಿ ಒರೆಸಿಕೊಳ್ಳುತ್ತ ಹೆಂಡತಿ ಬರುವಷ್ಟರಲ್ಲಿ ಅವಳ ಗಂಡ ಕೋಚ್ ಆಗಿದ್ದ.

ಮನೆಗೆ ಬಂದು ಅವಳು ಬಾಗಿಲು ತೆಗೆದ ಮೇಲೆ ಕೇಳಿದಳು, "ಒಂದು ತಂಡದಲ್ಲಿ ಎಷ್ಟು ಜನ ಆಡ್ತಾರೆ ಗೊತ್ತೇನ್ರೀ?"

"ಎಂಟು. ಅಳತೆ ತಗೊಂಡ್ವಲ್ಲ."

"ಐದು ಅಪ್ಪಾ" ಎಂದಳು ಮಗಳು. "ಮೂರು ಜನ ಬೆಂಚಲ್ಲಿ ಕೂತಿರ್ತಾರೆ."

"ಯಾಕೆ, ಏನು ತಪ್ಪು ಮಾಡಿದ್ರು?"

ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಡಿಗೆಮನೆಗೆ ಹೋದಳು. ಮಗಳು ಮಾತ್ರ ನಗಲಿಲ್ಲ. ಅವಳು ತಂಡದಲ್ಲೆಲ್ಲ ಕುಳ್ಳಿ. ಶಾಲೆ ಬಿಟ್ಟ ಮೇಲೆ ಆ ಅಂಕಣದಲ್ಲಿ ಸಿಗುವ ಒಂದು ಗಂಟೆಗಾಗಿ ಬೆಳಗಿನಿಂದ ಕಾಯುವವಳು. ಅವಳು ಅಪ್ಪನ ಪಕ್ಕ ಬಂದು ಕೂತು ಮೆಲ್ಲಗೆ ಕೇಳಿದಳು, "ಅದು ಕಾರು ನಿಲ್ಸೋ ಜಾಗ ಆಗಲ್ಲ ಅಲ್ವಾಪ್ಪಾ?"

ಟೈಲರನ ಕತ್ತು ಅಡ್ಡಡ್ಡ ಆಡಿದ್ದು ಅದೇ ಮೊದಲು.

ಮರುದಿನ ಸಂಜೆ ಎಂಟು ಹುಡುಗಿಯರು ಅವನ ಸುತ್ತ ನಿಂತರು. ಅವರಲ್ಲಿ ಎಲ್ಲರಿಗಿಂತ ಎತ್ತರದವಳನ್ನು ಉದ್ದಕ್ಕ ಎನ್ನುತ್ತಿದ್ದರು. ಅವಳೇ ಕೇಳಿದಳು, "ಅಂಕಲ್, ಡಿಫೆನ್ಸ್ ಅಂದ್ರೆ ಮೊದಲು ಏನು ಮಾಡ್ಬೇಕು?"

ಟೈಲರ್ ಗೊತ್ತಿಲ್ಲದ್ದನ್ನು ಹೇಳುವಂತಿಲ್ಲ, ಆದ್ದರಿಂದ ಗೊತ್ತಿದ್ದದ್ದನ್ನು ಹೇಳಿದ.

"ಎದುರಿಗೆ ಬರೋರ ಏನನ್ನ ನೋಡ್ತೀರಿ ನೀವು?"

"ಚೆಂಡು" ಎಂದರು ನಾಲ್ಕು ಜನ. "ಮುಖ" ಎಂದರು ಮೂವರು. ಒಬ್ಬಳು "ನಾನು ಕಣ್ಣು ಮುಚ್ಕೋತೀನಿ ಅಂಕಲ್" ಎಂದಳು.

"ಅದಕ್ಕೇ ಮೋಸ ಹೋಗೋದು. ನನ್ನ ಅಂಗಡಿಗೆ ಬಂದು ನೋಡಿ. ಟೇಪು ಕಂಡ ಕೂಡಲೇ ಗಿರಾಕಿಗಳು ಎದೆ ಉಬ್ಬಿಸ್ತಾರೆ, ಹೊಟ್ಟೆ ಒಳಗೆ ಎಳ್ಕೋತಾರೆ, ಮುಖದಲ್ಲಿ ಹತ್ತು ವರ್ಷ ಕಮ್ಮಿ ಮಾಡ್ಕೋತಾರೆ. ಎಲ್ಲಾ ಸುಳ್ಳು. ಆದ್ರೆ ಬೆಲ್ಟ್ ಕಟ್ಟೋ ಜಾಗ ಇದೆಯಲ್ಲ, ಅದು ಸುಳ್ಳು ಹೇಳಲ್ಲ. ಮನುಷ್ಯ ಕೈಯನ್ನ ಆ ಕಡೆ ತೋರಿಸ್ಬಹುದು, ಕಣ್ಣನ್ನ ಈ ಕಡೆ ಹೊರಳಿಸ್ಬಹುದು. ಬೆಲ್ಟ್ ಬಿಟ್ಟು ಎಲ್ಲೂ ಹೋಗೋಕಾಗಲ್ಲ."

ಹುಡುಗಿಯರು ಪರೀಕ್ಷೆ ಮಾಡಿಯೇ ನೋಡಿದರು. ಉದ್ದಕ್ಕ ಚೆಂಡು ಬಡಿಯುತ್ತ ಬಂದು, ಎಡಕ್ಕೆ ಹೋಗುವ ಹಾಗೆ ತಲೆ ಹೊರಳಿಸಿ ಬಲಕ್ಕೆ ಜಾರಿದಳು. ಟೈಲರನ ಮಗಳು ತಲೆ ಎತ್ತಲೇ ಇಲ್ಲ. ಬೆಲ್ಟಿನ ಜಾಗವನ್ನೇ ನೋಡುತ್ತ ಬಲಕ್ಕೆ ಸರಿದಳು. ಉದ್ದಕ್ಕ ನೇರ ಅವಳ ಎದುರಿಗೇ ಬಂದು ನಿಂತಳು. ಎಲ್ಲರೂ ಹೋ ಎಂದು ಕೂಗಿದರು. ಎಲ್ಲರಿಗಿಂತ ಹೆಚ್ಚು ಬೆರಗಾದವನು ಟೈಲರ್. ಅದನ್ನು ಮುಚ್ಚಿಕೊಳ್ಳಲು ಅವನು ಗಡ್ಡ ಕೆರೆದುಕೊಂಡ.

ಧೈರ್ಯ ಬಂದು ಎರಡನೆಯ ಪಾಠ ಹೇಳಿದ. ಪ್ಯಾಂಟಿನ ಅಂಚಿಗೆ ಪಿನ್ನು ಚುಚ್ಚುವಾಗ ಟೈಲರ್ ಮೊಣಕಾಲು ಬಗ್ಗಿಸಿ, ಗಿರಾಕಿಯ ಸುತ್ತ ಪಕ್ಕಪಕ್ಕಕ್ಕೆ ಸರಿಯುತ್ತಾನೆ. ಕಾಲಿಗೆ ಕಾಲು ತೊಡರಿಸಿಕೊಂಡನೋ, ಪಿನ್ನು ಗಿರಾಕಿಯೊಳಗೆ. "ಹಾಗೇ ಸರೀರಿ. ಒಂದು ಕಾಲಿನ ಮೇಲೆ ಇನ್ನೊಂದು ಹೋಗಬಾರದು" ಎಂದು ತಾನೇ ಕುಕ್ಕರಿಸಿ ತೋರಿಸಿದ. ಎದ್ದೇಳಲು ಮಾತ್ರ ಇಬ್ಬರು ಹುಡುಗಿಯರು ಕೈ ಕೊಡಬೇಕಾಯಿತು.

ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಬಂದ ಹೊಸತರಲ್ಲಿ ದೊಡ್ಡತನ ಯಾರನ್ನು ಸುಮ್ಮನೆ ಬಿಡುತ್ತದೆ? ಹೊರಡುವಾಗ ಟೈಲರ್ ಬೆನ್ನ ಹಿಂದೆ ಕೈ ಕಟ್ಟಿಕೊಂಡು ಹೋಂವರ್ಕ್ ಕೊಟ್ಟ: "ನಿಮ್ಮ ನಿಮ್ಮ ಬೀದಿಯಲ್ಲಿ ಒಬ್ಬೊಬ್ಬರನ್ನ ಆರಿಸ್ಕೊಳ್ಳಿ. ಅವರು ಹೋಗೋ ಕಡೆಗೂ ಅವರಿಗೂ ಮಧ್ಯೆ ನೀವಿರ್ಬೇಕು. ಮೈ ಮುಟ್ಟೋ ಹಾಗಿಲ್ಲ. ಏನೇ ಆದ್ರೂ ನಿಮ್ಮವರನ್ನ ಬಿಡೋ ಹಾಗಿಲ್ಲ."

ಎರಡೇ ದಿನದಲ್ಲಿ ಬೀದಿಯ ಬದುಕು ಏರುಪೇರಾಯಿತು.

ಟೈಲರನ ಮಗಳು ಆರಿಸಿಕೊಂಡದ್ದು ಎದುರುಮನೆ ತಾತನನ್ನು. ಅವರು ನಿವೃತ್ತ ಹೆಡ್ ಕ್ಲರ್ಕು. ಸಕ್ಕರೆ ಮುಟ್ಟಬಾರದೆಂದು ಡಾಕ್ಟರು ಹೇಳಿದಂದಿನಿಂದ ದಿನಾ ಬೆಳಿಗ್ಗೆ ತಪ್ಪದೆ ವಾಕಿಂಗ್ ಹೋಗುತ್ತಿದ್ದರು. ಆ ವಾಕಿಂಗು ಎಂದರೆ ಮನೆಯಿಂದ ಬೇಕರಿ, ಬೇಕರಿಯಿಂದ ಮನೆ, ನಡುವೆ ಎರಡು ಕ್ರೀಮ್ ಬನ್ನು ಎಂಬುದು ಬೇಕರಿಯವನಿಗೆ ಬಿಟ್ಟು ಇನ್ನಾರಿಗೂ ಗೊತ್ತಿರಲಿಲ್ಲ. ಆ ದಿನ ಬೇಕರಿಯ ಮೆಟ್ಟಿಲ ಬಳಿ ಕುಳ್ಳಿ ಹುಡುಗಿಯೊಬ್ಬಳು ಮೊಣಕಾಲು ಬಗ್ಗಿಸಿ, ಕೈ ಚಾಚಿ, ಅವರ ಬೆಲ್ಟನ್ನೇ ದಿಟ್ಟಿಸುತ್ತ ನಿಂತಿದ್ದಳು.

"ಏನಮ್ಮಾ ಇದು? ದಾರಿ ಬಿಡು."

"ಆಗಲ್ಲ ತಾತಾ. ಹೋಂವರ್ಕು."

ತಾತ ಎಡಕ್ಕೆ ಹೋದರು. ಅವಳು ಎಡಕ್ಕೆ. ತಾತ ಬಲಕ್ಕೆ ಹೋಗುವ ಹಾಗೆ ಮಾಡಿ ಎಡಕ್ಕೇ ಹೋದರು. ಸರ್ಕಾರಿ ಕಚೇರಿಯಲ್ಲಿ ಮೂವತ್ತು ವರ್ಷ ಬಳಸಿದ ವಿದ್ಯೆ ಅದು. ಅವಳು ಅಲ್ಲಿಯೂ ಇದ್ದಳು. ಹತ್ತು ನಿಮಿಷ ಹೀಗೆ ಆಡಿ ತಾತ ಏದುಸಿರು ಬಿಡುತ್ತ ಮನೆಗೆ ವಾಪಸಾದರು. ನಾಲ್ಕು ದಿನ ಇದೇ ಆಯಿತು. ಐದನೆಯ ದಿನ ಅಜ್ಜಿ ಟೈಲರನ ಮನೆಗೆ ಬಂದು ಹುಡುಗಿಯ ಗಲ್ಲ ಹಿಡಿದು, "ಇವರ ಸಕ್ಕರೆ ಇಳಿದಿದೆ ಕಣೇ ತಾಯಿ! ಆರು ತಿಂಗಳ ಮಾತ್ರೆ ಮಾಡದ್ದನ್ನ ನೀನು ನಾಲ್ಕು ದಿನದಲ್ಲಿ ಮಾಡಿದೆ" ಎಂದರು. ಎದುರಿನ ಜಗುಲಿಯಿಂದ ತಾತ ಹೆಂಡತಿಯನ್ನೂ ಹುಡುಗಿಯನ್ನೂ ಲೋಕವನ್ನೂ ಒಟ್ಟಿಗೇ ದುರುಗುಟ್ಟಿ ನೋಡುತ್ತಿದ್ದರು.

ಬೇಕರಿಯವನಿಗೆ ಇದು ಸರಿಬರಲಿಲ್ಲ. ಪಕ್ಕದ ಬೀದಿಯಲ್ಲಿ ಉದ್ದಕ್ಕ ಪೋಸ್ಟ್‌ಮ್ಯಾನನ್ನು ಹಿಡಿದಿದ್ದಳು. ಎರಡು ದಿನದಿಂದ ಆ ಬೀದಿಗೆ ಒಂದೂ ಕಾಗದ ತಲುಪಿರಲಿಲ್ಲ. ಬೇಕರಿಯವನೂ ಪೋಸ್ಟ್‌ಮ್ಯಾನನೂ ಸೇರಿ ಠಾಣೆಗೆ ಹೋದರು. ಮಧ್ಯಾಹ್ನ ಕಾನ್‌ಸ್ಟೇಬಲ್ ಒಬ್ಬ ಟೈಲರನ ಅಂಗಡಿಗೆ ಬಂದ.

"ನೀನೇನಾ ಕೋಚು?"

ತಲೆಯಾಡಿತು.

"ಹುಡುಗಿಯರು ಗ್ಯಾಂಗ್ ಕಟ್ಟಿದ್ದಾರೆ, ಸಾರ್ವಜನಿಕರನ್ನ ಅಡ್ಡ ಹಾಕ್ತಿದ್ದಾರೆ ಅಂತ ದೂರು. ಅದೂ ಸೊಂಟ ನೋಡ್ಕೊಂಡು! ಏನಯ್ಯಾ ಇದರ ಅರ್ಥ?"

"ಆಟ ಸಾರ್. ಬೆಲ್ಟ್ ನೋಡಿದ್ರೆ ಮನುಷ್ಯ ಎಲ್ಲಿಗೆ ಹೋಗ್ತಾನೆ ಅಂತ ಗೊತ್ತಾಗುತ್ತೆ."

"ಹೌದಾ? ಹಾಗಾದ್ರೆ ನನ್ನದು ನೋಡಿ ಹೇಳು, ನಾನು ಎಲ್ಲಿಗೆ ಹೋಗ್ತೀನಿ?"

ಟೈಲರ್ ಕನ್ನಡಕ ಸರಿಮಾಡಿಕೊಂಡು ನೋಡಿದ. ಕಸುಬಿನ ಮಾತು ಬಂದರೆ ಅವನ ನಾಲಿಗೆ ತೊದಲುವುದಿಲ್ಲ. "ನೀವೆಲ್ಲೂ ಹೋಗಲ್ಲ ಸಾರ್. ಕೊನೇ ತೂತಿಗೆ ಬಂದಿದೆ, ಗುಂಡಿ ಕಿತ್ತು ಸೇಫ್ಟಿ ಪಿನ್ ಹಾಕಿದ್ದೀರಿ. ಇವತ್ತು ಜೋರಾಗಿ ಓಡಿದ್ರೆ ಮಾನ ಹೋಗುತ್ತೆ. ಬಿಚ್ಚಿಕೊಡಿ, ಎರಡು ಇಂಚು ಬಿಡ್ತೀನಿ."

ಕಾನ್‌ಸ್ಟೇಬಲ್ ಅತ್ತ ಇತ್ತ ನೋಡಿದ. ಆಮೇಲೆ ಪರದೆಯ ಹಿಂದೆ ಹೋಗಿ ಪ್ಯಾಂಟು ಹೊರಗೆ ಎಸೆದ. ಅರ್ಧ ಗಂಟೆ ಪರದೆಯ ಹಿಂದೆಯೇ ನಿಂತು ತನಿಖೆ ಮುಂದುವರಿಸಿದ. "ಮೈ ಮುಟ್ಟಿಲ್ಲ ಅಂತೀಯಾ?" "ಮುಟ್ಟಿಲ್ಲ ಸಾರ್." "ಬೈದಿಲ್ಲ?" "ಇಲ್ಲ ಸಾರ್." ಹೊರಗೆ ಬಂದವನು ಒಂದು ಸಲ ಬಗ್ಗಿ, ಎದ್ದು, ಹಾಯಾಗಿ ಉಸಿರು ಬಿಟ್ಟು, "ಪೋಸ್ಟ್‌ಮ್ಯಾನನ್ನ ಬಿಟ್ಟುಬಿಡಿ. ಅದು ಸರ್ಕಾರಿ ಕೆಲಸ. ತಾತನ ವಿಷಯ ಮನೆಯ ಒಳಜಗಳ, ಅದು ನಮ್ಮ ಕೈಗೆ ಬರಲ್ಲ" ಎಂದು ತೀರ್ಪು ಕೊಟ್ಟು ಹೋದ.

ನಾಲ್ಕನೆಯ ಪಂದ್ಯದ ದಿನ ಬಂತು. ಟೈಲರ್ ಟೇಪನ್ನು ಕೊರಳಲ್ಲೇ ಮರೆತು ಬೆಂಚಿನ ಮೇಲೆ ಕೂತ. ನೋಡುವವರಿಗೆ ಅದೇ ದೊಡ್ಡ ಕೋಚಿನ ಲಕ್ಷಣ ಎನ್ನಿಸಿತು.

ಮೊದಲರ್ಧ ಮುಗಿದಾಗ ಎದುರಾಳಿಗಳಿಗೆ ಬರೀ ಹದಿನಾಲ್ಕು ಅಂಕ. ಹೆಡ್ ಮೇಡಂ ಕುರ್ಚಿಯ ಮೇಲೆ ಹತ್ತಿ ನಿಂತಿದ್ದರು. ನಮ್ಮ ಐವರೂ ಎದುರಿನ ಐವರಿಗೆ ಅಂಟಿನ ಹಾಗೆ ಅಂಟಿಕೊಂಡಿದ್ದರು. ಆ ಹುಡುಗಿಯರು ಎಲ್ಲಿ ತಿರುಗಿದರೂ ಎದುರಿಗೆ ಚಾಚಿದ ಕೈ, ಕೆಳಗೆ ನೋಡುವ ಕಣ್ಣು. ಒಬ್ಬಳಂತೂ ಬೇಸತ್ತು, "ನನ್ನ ಪ್ಯಾಂಟಿನ ಮೇಲೆ ಏನಾದ್ರೂ ಬಿದ್ದಿದೆಯಾ?" ಎಂದು ರೆಫ್ರಿಯನ್ನೇ ಕೇಳಿದಳು.

ಎರಡನೆಯ ಅರ್ಧದಲ್ಲಿ ಎದುರಿನ ಕೋಚಮ್ಮ ದಣಿದ ಹುಡುಗಿಯೊಬ್ಬಳನ್ನು ಹೊರಗೆ ಕರೆದು, ಬೇರೆಯವಳನ್ನು ಕಳಿಸಿದರು. ಹೊರಗೆ ಬಂದವಳು ಬೆಂಚಿನ ಮೇಲೆ ಕೂತಳು. ಅವಳ ಜೊತೆಗೇ ಬಂದ ಉದ್ದಕ್ಕನೂ ಅದೇ ಬೆಂಚಿನ ಮುಂದೆ ಮೊಣಕಾಲು ಬಗ್ಗಿಸಿ, ಕೈ ಚಾಚಿ ನಿಂತಳು.

"ನೀನ್ಯಾಕಮ್ಮಾ ಇಲ್ಲಿ?" ಎಂದರು ಕೋಚಮ್ಮ.

"ಇವಳು ನನ್ನವಳು ಆಂಟಿ. ಬಿಡೋ ಹಾಗಿಲ್ಲ."

ಕೋಚಮ್ಮ ಅನುಭವಸ್ಥೆ. ಒಂದು ಕ್ಷಣ ಉದ್ದಕ್ಕನನ್ನು ನೋಡಿದರು, ಒಂದು ಕ್ಷಣ ಅಂಕಣವನ್ನು ನೋಡಿದರು. ಮುಖ ಅರಳಿತು. ಇನ್ನೊಬ್ಬಳನ್ನು ಹೊರಗೆ ಕರೆದರು. ಅವಳ ಹಿಂದೆಯೂ ನಮ್ಮವಳೊಬ್ಬಳು ಬಂದಳು. ಮತ್ತೊಬ್ಬಳಿಗೆ ನೀರು ಕುಡಿದು ಬಾ ಎಂದರು. ನಲ್ಲಿಯ ಹತ್ತಿರ ಇಬ್ಬರೂ ಸರದಿಯಲ್ಲಿ ನಿಂತು ನೀರು ಕುಡಿದರು. ಹೊರಗೆ ಬಂದವರ ಬದಲಿಗೆ ಬೇರೆಯವರು ಇಳಿದು, ಅಂಕಣದಲ್ಲಿ ಎದುರಾಳಿಗಳು ಐವರು, ನಮ್ಮವರು ಇಬ್ಬರು.

"ಒಳಗೆ ಹೋಗ್ರಮ್ಮಾ!" ಎಂದು ಟೈಲರ್ ಕೂಗಿದ.

"ಏನೇ ಆದ್ರೂ ಬಿಡಬೇಡಿ ಅಂದಿದ್ರಲ್ಲ ಅಂಕಲ್!" ಎಂದು ಉದ್ದಕ್ಕ ಅಲ್ಲಿಂದಲೇ ಕೂಗಿದಳು. ಕಣ್ಣು ಮಾತ್ರ ಬೆಲ್ಟಿನಿಂದ ಕದಲಲಿಲ್ಲ. ಅಂಥ ಶಿಸ್ತು.

ಅಂತೂ ಅವರನ್ನು ಒಳಗೆ ಅಟ್ಟುವಷ್ಟರಲ್ಲಿ ಎದುರಾಳಿಗಳ ಅಂಕ ನಲವತ್ತೊಂಬತ್ತಾಗಿತ್ತು. ಅಧ್ಯಕ್ಷರು ಸುಣ್ಣದ ಪುಡಿ ತರಿಸಿ, ಮೊದಲನೆಯ ಕಾರಿನ ಜಾಗಕ್ಕೆ ಗೆರೆ ಎಳೆಸಿಯೇಬಿಟ್ಟರು.

ಆ ವಾರ ಟೈಲರನಿಗೆ ಊಟ ರುಚಿಸಲಿಲ್ಲ. ಒಬ್ಬೊಬ್ಬರನ್ನೇ ಹಿಡಿದುಕೊಂಡರೆ ಉಳಿದವರು ನುಗ್ಗುತ್ತಾರೆ, ಬಿಟ್ಟರೆ ಹಿಡಿದವಳೇ ನುಗ್ಗುತ್ತಾಳೆ. ಇದಕ್ಕೆ ಅವನ ಹೊಲಿಗೆಯಲ್ಲಿ ಉತ್ತರವಿರಲಿಲ್ಲ. ಗಿರಾಕಿಗಳು ಯಾವತ್ತೂ ಒಬ್ಬೊಬ್ಬರಾಗಿಯೇ ಅಳತೆ ಕೊಡುವವರು.

ಭಾನುವಾರ ಬೆಳಿಗ್ಗೆ ಎಂಟೂ ಹುಡುಗಿಯರು ಅವನ ಮನೆಗೇ ಬಂದರು. ಅಂಕಲ್ ಮುಖ ನೋಡಿ ಅವರೂ ಸಪ್ಪಗಿದ್ದರು. ಹೆಂಡತಿ ಎಲ್ಲರನ್ನೂ ಅಡಿಗೆಮನೆಗೆ ಕರೆದು, ಹೊಟ್ಟೆಗೆ ಬಿದ್ದರೆ ತಲೆ ಓಡುತ್ತದೆಂದು ಒಬ್ಬೊಬ್ಬರಿಗೆ ಒಂದೊಂದು ಕೆಲಸ ಹಚ್ಚಿದಳು. ಒಬ್ಬಳು ಬ್ರೆಡ್ಡಿಗೆ ಬೆಣ್ಣೆ ಸವರುವುದು, ಇಬ್ಬರು ಲೋಟ ತೊಳೆಯುವುದು, ಇನ್ನೊಬ್ಬಳು ಮೇಜು ಒರೆಸುವುದು, ಉದ್ದಕ್ಕ ಮೇಲಿನ ಡಬ್ಬಿಗಳನ್ನು ಇಳಿಸುವುದು. ಹಾಲು ಒಲೆಯ ಮೇಲಿತ್ತು. ಹೆಂಡತಿ ಹಿತ್ತಿಲಲ್ಲಿ ಬಟ್ಟೆ ಹಿಂಡುತ್ತಿದ್ದಳು. ಟೈಲರ್ ಬಾಗಿಲಿಗೆ ಒರಗಿ ನಿಂತಿದ್ದ.

"ಹಾಲು!" ಎಂದು ಹಿತ್ತಿಲಿನಿಂದಲೇ ಹೆಂಡತಿ ಕೂಗಿದಳು. ಕಣ್ಣಿಗೆ ಕಾಣದ ಹಾಲು ಉಕ್ಕುವುದು ಅವಳಿಗೆ ಹೇಗೆ ತಿಳಿಯುತ್ತದೋ, ಅದು ಹೆಂಗಸರಿಗೇ ಗೊತ್ತು.

ಎಂಟು ಜನರೂ ಒಲೆಯ ಕಡೆ ನುಗ್ಗಿದರು. ತಲೆಗೆ ತಲೆ ಬಡಿಯಿತು, ಬೆಣ್ಣೆ ನೆಲಕ್ಕೆ ಬಿತ್ತು, ಡಬ್ಬಿ ಉರುಳಿತು, ಹಾಲು ಆರಾಮವಾಗಿ ಉಕ್ಕಿ ಒಲೆಯ ಮೇಲೆ ಹರಿಯಿತು.

ಹೆಂಡತಿ ಕೈ ಒರೆಸಿಕೊಳ್ಳುತ್ತ ಒಳಗೆ ಬಂದಳು. ಬೈಯಲಿಲ್ಲ. ಒಲೆ ಆರಿಸಿ, ಬಟ್ಟೆ ತೆಗೆದುಕೊಂಡು ಒರೆಸುತ್ತ ಹೇಳಿದಳು, "ಎಲ್ಲಾರೂ ಓಡಿಬಂದ್ರೆ ಹೀಗೇ ಮಕ್ಕಳೇ. ಹಾಲು ಅಂತ ಕೂಗಿದ್ರೆ ಯಾರು ಹತ್ತಿರ ಇದ್ದಾರೋ ಅವರೊಬ್ಬರೇ ಹೋಗ್ಬೇಕು. ಅವಳು ಬಿಟ್ಟ ಕೆಲಸವನ್ನ ಪಕ್ಕದವಳು ನೋಡ್ಕೋಬೇಕು. ಒಲೆ ಆರಿಸಿದ ಮೇಲೆ ಮತ್ತೆ ಅವರವರ ಕೆಲಸಕ್ಕೆ. ನಂದು ಲೋಟ ತೊಳೆಯೋದು, ಹಾಲು ನಂದಲ್ಲ ಅಂತ ನಿಂತ್ಕೊಂಡ್ರೂ ಮನೆ ನಡೆಯಲ್ಲ, ಎಲ್ಲಾ ಬಿಟ್ಟು ಹಾಲಿಗೇ ಬಿದ್ರೂ ನಡೆಯಲ್ಲ."

ಬಾಗಿಲಿಗೆ ಒರಗಿದ್ದ ಟೈಲರ್ ನೆಟ್ಟಗೆ ನಿಂತ. "ಇನ್ನೊಂದ್ಸಲ ಹೇಳು."

"ಏನನ್ನ?"

"ಈಗ ಹೇಳಿದ್ದನ್ನ. ಮೆಲ್ಲಗೆ. ಬರ್ಕೋತೀನಿ."

"ಒಲೆ ಒರೆಸೋದನ್ನೂ ಬರ್ಕೊಳ್ಳಿ" ಎಂದು ಅವಳು ಬಟ್ಟೆಯನ್ನು ಅವನ ಕೈಗೆ ಕೊಟ್ಟಳು.

ಅಂದಿನಿಂದ ಅಂಕಣದಲ್ಲಿ ಅಭ್ಯಾಸದ ಹೊತ್ತಿಗೆ ಹೆಂಡತಿಯೂ ಬರತೊಡಗಿದಳು, ಮಡಿಲಲ್ಲಿ ಸಿಪ್ಪೆ ತೆಗೆಯುವ ಬಟಾಣಿ ಇಟ್ಟುಕೊಂಡು. ಚೆಂಡು ಹಿಡಿದವಳು ತನ್ನ ಕಾವಲು ತಪ್ಪಿಸಿ ಬುಟ್ಟಿಯ ಕಡೆ ನುಗ್ಗಿದ ತಕ್ಷಣ, "ಹಾಲು!" ಎಂದು ಕೂಗು. ಹತ್ತಿರದವಳು ಅಡ್ಡ ಹೋಗಬೇಕು, ಅವಳ ಜಾಗಕ್ಕೆ ಪಕ್ಕದವಳು ಸರಿಯಬೇಕು. ಮೊದಲ ದಿನ ಎಲ್ಲರೂ ಓಡಿದರು. ಎರಡನೆಯ ದಿನ ಯಾರೂ ಓಡಲಿಲ್ಲ. ಮೂರನೆಯ ದಿನ ಒಬ್ಬಳು ಓಡಿದಳು, ಅವಳು ಸರಿಯಾದವಳೇ ಆಗಿದ್ದಳು. ಹೆಂಡತಿ ಅವಳ ಬಾಯಿಗೆ ಒಂದು ಹಿಡಿ ಬಟಾಣಿ ಹಾಕಿದಳು. ಅಲ್ಲಿಂದ ಎಲ್ಲ ಬೇಗ ಕಲಿತರು.

ಎಲ್ಲ ಸರಿಹೋಯಿತು ಎನ್ನುವಾಗ, ಪಂದ್ಯದ ಹಿಂದಿನ ದಿನ ಹೆಡ್ ಮೇಡಂ, "ಜೆರ್ಸಿ ರೆಡಿ ಇದೆ ಅಲ್ವಾ?" ಎಂದರು. ಕತ್ತು ಮೇಲಿಂದ ಕೆಳಗೆ ಆಡಿತು. ಆಮೇಲೆ ಟೈಲರನಿಗೆ ನೆನಪಾಯಿತು. ಮೂರು ವಾರದಿಂದ ಅವನು ಕೋಚ್ ಆಗಿದ್ದನೇ ಹೊರತು ಟೈಲರ್ ಆಗಿರಲಿಲ್ಲ. ಬಟ್ಟೆ ಕತ್ತರಿಸಿದ್ದು ಕತ್ತರಿಸಿದ ಹಾಗೇ ಇತ್ತು. ಗಂಡ ಹೆಂಡತಿ ಕೂತು ಕಚ್ಚಾ ಹೊಲಿಗೆ ಹಾಕಿ, ನಂಬರುಗಳಿಗೆ ಉದ್ದುದ್ದ ದಾರ ಎಳೆದು, ಹುಡುಗಿಯರು ಜೋರಾಗಿ ಸೀನಬಾರದೆಂದು ಎಚ್ಚರಿಸಿ ಕಳಿಸಿದರು. ಪುಣ್ಯಕ್ಕೆ ಒಳಗೆ ಹಳೆಯ ಬನಿಯನ್ನು ಹಾಕಿಕೊಳ್ಳಲು ಹೆಂಡತಿ ಹೇಳಿದ್ದಳು.

ಕೊನೆಯ ಪಂದ್ಯ ನಮ್ಮ ಶಾಲೆಯ ಅಂಕಣದಲ್ಲೇ. ಇಡೀ ಬೀದಿ ಬಂದಿತ್ತು. ತಾತ ಮುಂದಿನ ಸಾಲಿನಲ್ಲಿ ಕೂತು, "ಆ ಕುಳ್ಳಿಯನ್ನ ದಾಟಿ ಹೋಗೋಕೆ ಯಾರ ಕೈಲೂ ಆಗಲ್ಲ, ನನ್ನ ಕೇಳಿ" ಎಂದು ಅಕ್ಕಪಕ್ಕದವರಿಗೆ ಹೆಮ್ಮೆಯಿಂದ ಹೇಳುತ್ತಿದ್ದರು. ಕಾನ್‌ಸ್ಟೇಬಲ್ ಬಂದೋಬಸ್ತಿಗೆಂದು ಬಂದು ಬಂದೋಬಸ್ತು ಮರೆತಿದ್ದ. ಅಧ್ಯಕ್ಷರು ಸುಣ್ಣದ ಚೀಲದ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡಿದ್ದರು.

ಎದುರು ತಂಡದ ನಾಯಕಿ ಗಾಳಿಯಂಥವಳು. ಅವಳು ಒಬ್ಬಳನ್ನು ದಾಟುತ್ತಿದ್ದಳು, "ಹಾಲು!" ಎಂದು ಕೂಗು ಏಳುತ್ತಿತ್ತು, ಇನ್ನೊಬ್ಬಳು ಎದುರಿಗೆ ನಿಂತಿರುತ್ತಿದ್ದಳು. ಅವಳ ಕಡೆಯವರು ತಲೆ ಕೆರೆದುಕೊಂಡರು. ಅವರ ಕೋಚು ರೆಫ್ರಿಯ ಹತ್ತಿರ ಹೋಗಿ, "ಇವರು ಏನೋ ಗುಟ್ಟಿನ ಭಾಷೆ ಆಡ್ತಿದ್ದಾರೆ" ಎಂದು ದೂರಿದ. "ಗುಟ್ಟೇನ್ರೀ? ಹಾಲು ಅಂತಿದ್ದಾರೆ, ನಂಗೂ ಕೇಳಿಸ್ತಿದೆ" ಎಂದ ರೆಫ್ರಿ. ನಡುವೆ ಒಬ್ಬಳ ಬೆನ್ನಿನಿಂದ ಏಳು ಎಂಬ ನಂಬರು ಕಳಚಿ ಬಿದ್ದು ಎದುರಿನವಳೊಬ್ಬಳ ಬೂಟಿಗೆ ಅಂಟಿತು. ಸ್ವಲ್ಪ ಹೊತ್ತು ಎರಡೂ ತಂಡದಲ್ಲಿ ಏಳನೆಯ ನಂಬರಿನವಳು ಯಾರೆಂಬುದು ತೀರ್ಮಾನವಾಗಲಿಲ್ಲ.

ಆಟ ಮುಗಿಯಲು ಹನ್ನೊಂದು ಸೆಕೆಂಡು. ಎದುರಾಳಿಗಳು ಮೂವತ್ತೆಂಟು. ನಮ್ಮವರು ಆರು. ಇನ್ನೊಂದು ಸಲ ಬುಟ್ಟಿಗೆ ಬಿದ್ದರೆ ನಲವತ್ತು, ಅಂಕಣ ಹೋಯಿತು. ಎದುರಾಳಿಗಳು ಗೆದ್ದಾಗಿತ್ತು. ಅವರಿಗೆ ಈ ಎರಡು ಅಂಕ ಬೇಕಾಗಿಯೇ ಇರಲಿಲ್ಲ. ಆದರೆ ನಾಯಕಿಗೆ ಅದೆಲ್ಲ ಯಾರು ಹೇಳಬೇಕು? ಚೆಂಡು ಅವಳ ಕೈಯಲ್ಲಿತ್ತು. ಉದ್ದಕ್ಕನನ್ನು ದಾಟಿದಳು. ನೇರ ಬುಟ್ಟಿಗೆ ಹೊರಟಳು.

"ಹಾಲು!" ಎಂದು ಕೂಗಿದ್ದು ತಂಡವಲ್ಲ. ಇಡೀ ಬೀದಿಯೇ.

ಹತ್ತಿರ ಇದ್ದವಳು ಕುಳ್ಳಿ. ಅವಳು ತನ್ನ ಹುಡುಗಿಯನ್ನು ಬಿಟ್ಟು ಎರಡು ಹೆಜ್ಜೆ ಸರಿದು ಬುಟ್ಟಿಯ ದಾರಿಗೆ ಅಡ್ಡ ನಿಂತಳು. ಕಾಲು ಊರಿದಳು. ನಾಯಕಿಯ ಬೆಲ್ಟು ನೇರ ಅವಳ ಕಡೆಗೇ ಬರುತ್ತಿತ್ತು. ಅವಳು ಕದಲಲಿಲ್ಲ. ಇಬ್ಬರೂ ಧಡ್ಡನೆ ಬಿದ್ದರು. ಚೆಂಡು ಬುಟ್ಟಿಯೊಳಗೆ ಹೋಯಿತು. ರೆಫ್ರಿ ಸೀಟಿ ಊದಿದ.

ಅಧ್ಯಕ್ಷರು ಎದ್ದು ನಿಂತರು. ಹೆಡ್ ಮೇಡಂ ಕಣ್ಣು ಮುಚ್ಚಿಕೊಂಡರು. ಟೈಲರ್ ಕೋಚಿನ ಗತ್ತೆಲ್ಲ ಬಿಟ್ಟು ಅಂಕಣದೊಳಗೆ ಓಡಿ ಮಗಳನ್ನು ಎತ್ತಿ ಕೂರಿಸಿದ. ಅವಳ ಮೊಣಕೈ ತರಚಿತ್ತು, ಕಣ್ಣು ಮಾತ್ರ ಬುಟ್ಟಿಯ ಮೇಲಿತ್ತು.

"ಅಪ್ಪಾ, ಸೀಟಿ ಯಾಕೆ ಊದಿದ್ರು? ಅದು ಯಾರ ತಪ್ಪು?"

ಎಂಟು ಹುಡುಗಿಯರು, ಹೆಡ್ ಮೇಡಂ, ಅಷ್ಟು ಜನ, ಎಲ್ಲರೂ ಅವನ ಬಾಯಿಯನ್ನೇ ನೋಡಿದರು. ಟೈಲರ್ ತಲೆಯಾಡಿಸಲಿಲ್ಲ.

"ನಂಗೊತ್ತಿಲ್ಲ ಮಗಳೇ" ಎಂದ. "ನಂಗೆ ಈ ಆಟವೇ ಗೊತ್ತಿಲ್ಲ. ನಾನು ಅಳತೆ ತಗೊಳ್ಳೋಕೆ ಬಂದಿದ್ದೆ."

ಮಗಳು ಅಪ್ಪನನ್ನು ನೋಡಿದಳು. "ನಂಗೂ ಗೊತ್ತಿಲ್ಲ" ಎಂದು ನಕ್ಕಳು. ಉದ್ದಕ್ಕ, "ನಂಗೂ!" ಎಂದಳು. ಹೆಡ್ ಮೇಡಂ ಮೆಲ್ಲಗೆ, "ನಿಜ ಹೇಳ್ಬೇಕೂಂದ್ರೆ..." ಎಂದು ಶುರುಮಾಡಿ ಕೆಮ್ಮಿ ಸುಮ್ಮನಾದರು. ಕೊನೆಗೆ ಎಲ್ಲರೂ ರೆಫ್ರಿಯ ಕಡೆ ತಿರುಗಿದರು.

ರೆಫ್ರಿಗೆ ಇಷ್ಟು ಜನ ಇಷ್ಟು ವಿನಯದಿಂದ ಕೇಳಿದ್ದು ಅವನ ಕೆಲಸದಲ್ಲೇ ಮೊದಲು. ಅವನು ಮಕ್ಕಳಿಗೆ ಹೇಳುವ ಹಾಗೆ ಬಿಡಿಸಿ ಹೇಳಿದ. "ಈ ಪುಟ್ಟಿ ಮೊದಲೇ ಬಂದು ನಿಂತಿದ್ದಳು. ಕದಲಲಿಲ್ಲ. ಅವಳ ಮೇಲೆ ಬಂದು ಬಿದ್ದದ್ದು ಆ ಹುಡುಗಿ. ಅದಕ್ಕೇ ತಪ್ಪು ಅವರದು, ಆ ಎರಡು ಅಂಕ ಲೆಕ್ಕಕ್ಕಿಲ್ಲ, ಚೆಂಡು ನಿಮ್ಮದು. ಇನ್ನು ನಾಲ್ಕು ಸೆಕೆಂಡಿದೆ."

"ಅಂಕಲ್, ಚೆಂಡು ಸಿಕ್ಕಿದ್ರೆ ಏನು ಮಾಡೋದು?" ಎಂದು ಉದ್ದಕ್ಕ ಗಾಬರಿಯಿಂದ ಕೇಳಿದಳು. ಮೂರು ವಾರದಲ್ಲಿ ಅದನ್ನು ಯಾರೂ ಕಲಿಸಿರಲಿಲ್ಲ.

"ಹಿಡ್ಕೊಂಡು ನಿಂತ್ಕೊಳ್ಳಿ!" ಎಂದು ಟೈಲರನ ಹೆಂಡತಿ ಕೂಗಿದಳು.

ಒಬ್ಬಳು ಎಸೆದಳು, ಉದ್ದಕ್ಕ ಹಿಡಿದು ಮಗುವನ್ನು ಅಪ್ಪಿಕೊಂಡ ಹಾಗೆ ಅಪ್ಪಿಕೊಂಡಳು, ಉಳಿದವರು ಅವಳ ಸುತ್ತ ಬೇಲಿ ಕಟ್ಟಿದರು. ಒಂದು, ಎರಡು, ಮೂರು, ನಾಲ್ಕು. ಗಂಟೆ ಹೊಡೆಯಿತು.

ಮೂವತ್ತೆರಡು ಅಂಕಗಳಿಂದ ಸೋತ ತಂಡ ಅಷ್ಟೊಂದು ಕುಣಿದದ್ದನ್ನು ಆ ಊರು ಹಿಂದೆಂದೂ ನೋಡಿರಲಿಲ್ಲ. ಗೆದ್ದವರು ಬೆಪ್ಪಾಗಿ ನಿಂತು, ತಾವು ಗೆದ್ದದ್ದು ನಿಜವೇ ಎಂದು ಹಲಗೆಯನ್ನು ಎರಡೆರಡು ಸಲ ನೋಡಿಕೊಂಡರು. ಅಧ್ಯಕ್ಷರು ಸುಣ್ಣದ ಚೀಲದ ಬಾಯಿ ಕಟ್ಟಿಸಿ, "ಹಿಂದಿನ ಗೇಟಿನ ಹತ್ತಿರ ಆರು ಕಾರು ನಿಲ್ಲಬಹುದೇನೋ" ಎಂದು ಗೊಣಗುತ್ತ ಹೊರಟುಹೋದರು. ಹೆಡ್ ಮೇಡಂ ಟೈಲರನ ಹತ್ತಿರ ಬಂದರು. ಅವನು ತಲೆ ತಗ್ಗಿಸಿದ.

"ಆಟ ಗೊತ್ತಿಲ್ಲ ಅಂದ್ರಲ್ಲ, ಅದನ್ನ ಮೊದಲೇ ಹೇಳ್ಬಾರದಿತ್ತಾ?"

"ಹೇಳೋಣ ಅಂದ್ಕೊಂಡೆ ಮೇಡಂ. ಕತ್ತು ಬಿಡ್ಲಿಲ್ಲ."

"ಇರ್ಲಿ ಬಿಡಿ" ಎಂದು ಅವರು ಅವನ ಹೆಂಡತಿಯ ಕಡೆ ತಿರುಗಿದರು. "ಬರೋ ವರ್ಷ ನೀವೇ ಬನ್ನಿ. ಇವರನ್ನ ಹೊಲಿಗೆಗೆ ಇಟ್ಕೊಳ್ಳೋಣ."

ಸಂಜೆಯಾಯಿತು. ಜನ ಚದುರಿದರು. ಶಾಲೆಯ ಕಾವಲುಗಾರ ಗೇಟಿಗೆ ಬೀಗ ಹಾಕಲು ಬೀಗದ ಕೈ ಗೊಂಚಲು ಅಲ್ಲಾಡಿಸುತ್ತ ಬಂದ. "ಸಾಕು ಮಕ್ಕಳೇ, ಮನೆಗೆ ಹೋಗಿ. ಹೊತ್ತಾಯ್ತು."

ಯಾರೂ ಹೋಗಲಿಲ್ಲ. ಎಂಟು ಹುಡುಗಿಯರು ಗೇಟಿಗೂ ಅವನಿಗೂ ಮಧ್ಯೆ ಸಾಲಾಗಿ ಬಂದು, ಮೊಣಕಾಲು ಬಗ್ಗಿಸಿ, ಕೈ ಚಾಚಿ ನಿಂತರು. ಕಾವಲುಗಾರ ಎಡಕ್ಕೆ ಹೋದ. ಬಲಕ್ಕೆ ಹೋದ. ಗೊಂಚಲನ್ನು ಆ ಕಡೆ ತೋರಿಸಿ ಈ ಕಡೆ ನುಗ್ಗಿ ನೋಡಿದ.

"ಬಿಟ್ಬಿಡ್ರಮ್ಮಾ ಪಾಪ" ಎಂದ ಟೈಲರ್.

"ಇನ್ನು ಹತ್ತೇ ನಿಮಿಷ ಅಪ್ಪಾ!" ಎಂದಳು ಮಗಳು, ಕಾವಲುಗಾರನ ಬೆಲ್ಟಿನಿಂದ ಕಣ್ಣು ತೆಗೆಯದೆ.

ಹತ್ತು ನಿಮಿಷ ಅರ್ಧ ಗಂಟೆಯಾಯಿತು. ಕಾವಲುಗಾರ ಸೋತು, ಬೀಗದ ಕೈ ಗೊಂಚಲನ್ನು ಕೆಳಗಿಟ್ಟು, ಚೆಂಡನ್ನು ಎತ್ತಿಕೊಂಡು, "ಹಾಗಾದ್ರೆ ಇದನ್ನ ಆ ಬುಟ್ಟಿಗೆ ಹಾಕೋದು ಹೇಗೆ ಅಂತ ನಂಗಾದ್ರೂ ತೋರಿಸ್ರೇ" ಎಂದ.

ಎಂಟು ಹುಡುಗಿಯರೂ ಮುಖ ಮುಖ ನೋಡಿಕೊಂಡರು.